ಮುಂದಿನ ಗಾಜು ಮಬ್ಬಾಗಿದೆ, ಪಾಲಿಶ್ ಮಾಡಿಸೋದಾ ಬದಲಾಯಿಸೋದಾ?

ಸುಂಟಿಕೊಪ್ಪ ಸ್ವಿಫ್ಟ್
ಎಲ್ಲರಿಗೂ ನಮಸ್ಕಾರ. ನಮ್ದು 2010ರ ಸ್ವಿಫ್ಟ್ ಡೀಸೆಲ್. ಇಂಜಿನ್ ಗಟ್ಟಿ ಇದೆ, ಬಾಡಿನೂ ಪರ್ವಾಗಿಲ್ಲ, ಆದ್ರೆ ಮುಂದಿನ ಗಾಜು ಗಾಡಿ ಜೊತೆ ಬಂದಿದ್ದೇ, ಇವತ್ತಿನವರೆಗೂ ಬದಲಾಯಿಸಿಲ್ಲ. ಹಗಲು ಹೊತ್ತು ಏನೂ ಗೊತ್ತಾಗಲ್ಲ. ರಾತ್ರಿ ಎದುರಿಂದ ಗಾಡಿ ಬಂತು ಅಂದ್ರೆ ಗಾಜು ಪೂರ್ತಿ ಬೆಳ್ಳಗಾಗಿ ಲೈಟ್ ಸುತ್ತ ಬೆಳಕು ಕಡ್ಡಿಕಡ್ಡಿಯಾಗಿ ಹರಡ್ಕೊಳ್ಳತ್ತೆ, ರಸ್ತೆ ಪಕ್ಕದ ಬಿಳಿ ಗೆರೆ ಎಲ್ಲಿದೆ ಅಂತಾನೇ ಕಾಣಲ್ಲ. ಬೆಳಿಗ್ಗೆ ಕುಶಾಲನಗರ ಕಡೆ ಹೋಗೋವಾಗ ಬಿಸಿಲು ನೇರ ಎದುರಿಗೆ ಬರತ್ತಲ್ಲ, ಆಗ್ಲೂ ಹೀಗೇ. ವೈಪರ್ ಓಡೋ ಜಾಗದಲ್ಲಿ ಅರ್ಧಚಂದ್ರದ ಗೀರುಗಳಿವೆ. ಒಬ್ರು ಮೆಕ್ಯಾನಿಕ್ ಪಾಲಿಶ್ ಹೊಡೆದ್ರೆ ಹೊಸದರ ಹಾಗಾಗತ್ತೆ ಅಂದ್ರು, ಇನ್ನೊಬ್ರು ದುಡ್ಡು ದಂಡ, ಗಾಜೇ ಬದಲಾಯಿಸಿ ಅಂದ್ರು. 15 ವರ್ಷ ಆಗಿದ್ದಕ್ಕೆ ಆರ್‌ಸಿ ರಿನ್ಯೂ ಮಾಡಿಸೋದೂ ಇದೆ. ಮಳೆ ಹಿಡಿಯೋ ಮುಂಚೆ ಈ ಕೆಲಸ ಮುಗಿಸ್ಬೇಕು. ಮಾಡಿಸಿ ಗೊತ್ತಿರೋರು ಹೇಳಿ.

ಕೆಎ 12
ಬದಲಾಯಿಸಿ. ಯೋಚ್ನೆ ಮಾಡೋಕೆ ಏನೂ ಇಲ್ಲ.

ಶನಿವಾರಸಂತೆ ರೈತ
ಮೊದ್ಲೇ ಬದಲಾಯಿಸಿ ಅಂದ್ರೆ ಹೇಗೆ ಸಾರ್, ಕಾಫಿ ರೇಟ್ ಇದ್ದಾಗ ಎಲ್ರೂ ಹೀಗೇ ಮಾತಾಡೋದು. ನಮ್ಮ ಅಣ್ಣನ ಕಾರಿಗೆ ಪಾಲಿಶ್ ಮಾಡ್ಸಿದ್ವಿ, ಈಗ್ಲೂ ಚೆನ್ನಾಗಿದೆ, ರಾತ್ರಿ ಓಡಿಸ್ತಾನೆ. ಸೀರಿಯಂ ಆಕ್ಸೈಡ್ ಅಂತ ಪುಡಿ ಸಿಗತ್ತೆ, ನೀರಲ್ಲಿ ಕಲಸಿ ಫೆಲ್ಟ್ ಪ್ಯಾಡಲ್ಲಿ ಉಜ್ಜೋದು. ಮೊದ್ಲು ಅದನ್ನ ನೋಡಿ, ಆಗ್ಲಿಲ್ಲ ಅಂದ್ರೆ ಗಾಜು ಇದ್ದೇ ಇದೆ.

ಗಾಜು ಕೆಲಸ ಮೈಸೂರು
ನಾನು ಇದೇ ಕೆಲಸದಲ್ಲಿರೋನು. ಕೊಡಗಿನ ಗಾಡಿಗಳು ನಮ್ಮ ಹತ್ರ ಜಾಸ್ತಿನೇ ಬರ್ತವೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ಮಬ್ಬು ಎಲ್ಲಿದೆ ಅಂತ ಗೊತ್ತಾಗ್ಬೇಕು. ಗಾಡಿನ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ ನೀವು ಒಳಗೆ ಕೂತ್ಕೊಳ್ಳಿ, ಹೊರಗಿಂದ ಯಾರಾದ್ರೂ ಪೈಪಲ್ಲಿ ಗಾಜಿನ ಮೇಲೆ ಒಂದೇ ಸಮ ನೀರು ಬಿಡ್ಲಿ. ನೀರು ಹರೀತಿರೋವಾಗ ಮಬ್ಬು ಹೋಗಿ ಗಾಜು ತಿಳಿಯಾಯ್ತು ಅಂದ್ರೆ ತೊಂದ್ರೆ ಹೊರಗಿನ ಮೈಯಲ್ಲಿದೆ, ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿ, ಗೀರುಗಳಲ್ಲಿ ನೀರು ತುಂಬ್ಕೊಂಡು ಮೇಲ್ಮೈ ಸಮ ಆಗಿರತ್ತೆ ಅಷ್ಟೇ. ನೀರು ಬಿಟ್ರೂ ಹಾಗೇ ಇದ್ರೆ ಒಳಗಡೆ ಒರೆಸಿ ನೋಡಿ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಕಾದಾಗ ಅದ್ರಿಂದ ಆವಿ ಎದ್ದು ಗಾಜಿಗೆ ಎಣ್ಣೆಜಿಡ್ಡಿನ ಹಾಗೆ ಹತ್ಕೊಳ್ಳತ್ತೆ, ಜೊತೆಗೆ ಜನ ಡ್ಯಾಶ್‌ಬೋರ್ಡ್ ಹೊಳೀಲಿ ಅಂತ ಸ್ಪ್ರೇ ಬೇರೆ ಹೊಡೀತಾರೆ. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತೆ ಒಳ್ಳೆ ಮೈಕ್ರೋಫೈಬರ್ ಬಟ್ಟೆಲಿ ಎರಡು ಸಲ ಒರೆಸಿದ್ರೆ ಇದು ಹೋಗತ್ತೆ.

ಎರಡೂ ಕಡೆ ಕ್ಲೀನ್ ಮಾಡಿದ್ಮೇಲೂ ಹಾಲು ಚೆಲ್ಲಿದ ಬಣ್ಣ ಉಳೀತು ಅಂದ್ರೆ ಅದು ಗಾಜಿನ ಮಧ್ಯದಲ್ಲಿದೆ. ಮುಂದಿನ ಗಾಜು ಅಂದ್ರೆ ಎರಡು ಗಾಜು, ನಡುವೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಹಾಳೆ, ಸಾಮಾನ್ಯವಾಗಿ 0.76 ಮಿ.ಮೀ. ದಪ್ಪ. ಅಂಚಿಂದ ತೇವ ಒಳಗೆ ಹೋಗಿ ಆ ಹಾಳೆ ಗಾಜಿಂದ ಬಿಟ್ಕೊಳ್ಳೋಕೆ ಶುರುವಾದ್ರೆ ಅಂಚಲ್ಲಿ ಬೆಳ್ಳಗಾಗತ್ತೆ. ಇದಕ್ಕೆ ಯಾವ ಪಾಲಿಶೂ ಇಲ್ಲ, ಯಾರಾದ್ರೂ ಸರಿ ಮಾಡ್ತೀನಿ ಅಂದ್ರೆ ನಂಬ್ಬೇಡಿ.

ನೋಡಿ ಹೇಳಿ, ಆಮೇಲೆ ಪಾಲಿಶ್ ಬಗ್ಗೆ ಮಾತಾಡೋಣ.

ಘಾಟಿ ಡ್ರೈವರ್ ಸುಳ್ಯ
ಇದು ಒಳ್ಳೆ ಐಡಿಯಾ ಮಾರಾಯ್ರೆ, ನೀರು ಬಿಟ್ಟು ನೋಡೋದು. ನಾನು ಸಂಪಾಜೆ ಘಾಟಿಲಿ ದಿನಾ ಓಡಾಡೋನು. ಘಾಟಿಯಲ್ಲಿ ಗಾಜು ಹಾಳಾಗೋದು ಎರಡೇ ಕಾರಣಕ್ಕೆ. ಒಂದು, ಮುಂದೆ ಲಾರಿ ಹೋಗ್ತಾ ಉಂಟು, ನಾವು ಅದ್ರ ಬಾಲಕ್ಕೇ ಅಂಟ್ಕೊಂಡು ಹೋಗ್ತೇವೆ, ಅದ್ರ ಟೈರಿಂದ ಸಿಡಿಯೋ ಮರಳೆಲ್ಲ ನಮ್ಮ ಗಾಜಿಗೆ. ಇನ್ನೊಂದು ಒಣ ವೈಪರ್. ಧೂಳು ಕೂತಿರತ್ತೆ, ಎರಡು ಹನಿ ಮಳೆ ಬೀಳತ್ತೆ, ತಕ್ಷಣ ವೈಪರ್ ಹಾಕೋದು. ಮುಗೀತಲ್ಲ. ಮರಳಲ್ಲಿರೋ ಕ್ವಾರ್ಟ್ಜ್ ಗಾಜಿಗಿಂತ ಗಟ್ಟಿ, ಗೀರದೆ ಇರ್ತದಾ?

ನಾಪೋಕ್ಲು ಟೀಚರ್
ವೈಪರ್ ರಬ್ಬರ್ ಹೋಗಿ ಲೋಹದ ಅಂಚು ತಾಗಿದ್ರೂ ಅರ್ಧಚಂದ್ರದ ಗೀರು ಬೀಳತ್ತೆ. ಬ್ಲೇಡ್ ಎತ್ತಿ ಬೆರಳಲ್ಲಿ ಸವರಿ ನೋಡಿ, ರಬ್ಬರ್ ಬಿರುಕು ಬಿಟ್ಟಿದ್ರೆ ಅಥವಾ ಗಟ್ಟಿಯಾಗಿದ್ರೆ ಇವತ್ತೇ ಬದಲಾಯಿಸಿ. ನಾವಂತೂ ಪ್ರತಿ ವರ್ಷ ಮೇ ಕೊನೇಲಿ ಹೊಸದು ಹಾಕ್ತೀವಿ, ಭಾಗಮಂಡಲ ಕಡೆ ಮಳೆಗೆ ಹಳೇ ಬ್ಲೇಡ್ ಏನೇನೂ ಸಾಲಲ್ಲ.

ಕುಶಾಲನಗರ ಹುಡುಗ
ಟೂತ್‌ಪೇಸ್ಟ್ ಟ್ರೈ ಮಾಡಿ ಬ್ರೋ, ಹೆಡ್‌ಲೈಟ್ ಫಳಫಳ ಆಗತ್ತೆ, ಗಾಜಿಗೂ ಆಗ್ಬೇಕು. ಇಲ್ಲಾಂದ್ರೆ 2000 ನಂಬರ್ ಸ್ಯಾಂಡ್‌ಪೇಪರ್ ನೀರಲ್ಲಿ ನೆನೆಸಿ ಹೊಡೀರಿ.

ಗಾಜು ಕೆಲಸ ಮೈಸೂರು
ದಯವಿಟ್ಟು ಸ್ಯಾಂಡ್‌ಪೇಪರ್ ಗಾಜಿನ ಹತ್ರಾನೂ ತರ್ಬೇಡಿ. ಹೆಡ್‌ಲೈಟ್ ಹೊರಗಿನ ಕವರ್ ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಬಿಸಿಲಿಗೆ ಅದ್ರ ಮೇಲಿನ ಕೋಟಿಂಗ್ ಸುಟ್ಟು ಹಳದಿಯಾಗತ್ತೆ, ಅದನ್ನ ಪೇಪರಲ್ಲಿ ಉಜ್ಜಿ ತೆಗೆದು ಹೊಸ ಯುವಿ ಕೋಟಿಂಗ್ ಕೊಡ್ತಾರೆ. ಗಾಜಿನ ಮೇಲೆ ಅದೇ ಪೇಪರ್ ಆಡಿಸಿದ್ರೆ ಇಡೀ ಗಾಜು ಮಂಜುಗಾಜು ಆಗತ್ತೆ, ಆಮೇಲೆ ಯಾರ ಕೈಲೂ ವಾಪಸ್ ತರೋಕಾಗಲ್ಲ. ಟೂತ್‌ಪೇಸ್ಟಿಂದ ಗಾಜಿನ ಗೀರು ಹೋಗಲ್ಲ, ಮೇಲಿನ ಕೊಳೆ ಸ್ವಲ್ಪ ಹೋಗಿ ಆ ಹೊತ್ತಿಗೆ ಹೊಳೆಯತ್ತೆ ಅಷ್ಟೇ.

ಅಮ್ಮತ್ತಿ ತೋಟ
ಯಾರೂ ಹೇಳದ ಒಂದು ವಿಷಯ ಇದೆ, ಅದು ನಮ್ಮ ಕಡೆ ತುಂಬಾ ನಡೆಯೋದು. ಬೋರ್ಡೋ.

ಮೆಣಸಿನ ಬಳ್ಳಿಗೆ ಮಳೆಗೆ ಮುಂಚೆ ಬೋರ್ಡೋ ಹೊಡೀತೀವಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ತೋಟದೊಳಗೆ ಪಿಕಪ್ಪೋ ಜೀಪೋ ನಿಲ್ಸಿರ್ತಾರೆ, ಗಾಳಿಗೆ ಸ್ಪ್ರೇ ಹಾರಿ ಬಂದು ಗಾಜಿನ ಮೇಲೆ ಕೂತ್ಕೊಳ್ಳತ್ತೆ. ಹತ್ರ ಹೋಗಿ ನೋಡಿದ್ರೆ ಸಾಸಿವೆ ಕಾಳಿಗಿಂತ ಸಣ್ಣ ತಿಳಿನೀಲಿ ಚುಕ್ಕೆಗಳು, ನಡುವೆ ತೆಳು, ಸುತ್ತ ಅಂಚು ಬಿಳಿ. ಮೂರು ದಿನ ಬಿಸಿಲಿಗೆ ಒಣಗಿದ್ರೆ ಉಗುರಲ್ಲಿ ಕೆರೆದ್ರೂ ಬಿಡಲ್ಲ. ಡ್ರೈವರ್ ಬಂದ, ಗಾಜು ಕೊಳೆ ಅಂತ ಒಣಗಿದ್ದರ ಮೇಲೇ ವೈಪರ್ ಹಾಕ್ದ, ಇಲ್ಲಾ ಗೋಣಿತಾಟಲ್ಲಿ ಉಜ್ಜಿದ. ಅಲ್ಲಿಗೆ ಗಾಜಿನ ಕಥೆ ಮುಗೀತು. ನಮ್ಮ ಪಕ್ಕದ ತೋಟದ ಪಿಕಪ್ ಗಾಜು ಹೀಗೇ ಒಂದೇ ಸೀಸನ್ನಲ್ಲಿ ಹೋಯ್ತು.

ಸುಣ್ಣ ಆಗಿರೋದ್ರಿಂದ ಹುಳಿಗೆ ಕರಗತ್ತೆ. ಬಿಳಿ ವಿನಿಗರ್‌ಗೆ ಅಷ್ಟೇ ನೀರು ಸೇರ್ಸಿ ಬಟ್ಟೆ ನೆನೆಸಿ ಗಾಜಿನ ಮೇಲೆ ಹಾಸಿ ಹತ್ತು ನಿಮಿಷ ಬಿಡಿ, ಆಮೇಲೆ ಧಾರಾಳ ನೀರು ಬಿಟ್ಟು ತೊಳೀರಿ. ಉಜ್ಜೋದು ಬೇಡ. ಪೇಂಟ್ ಮೇಲೆ ಬಿದ್ರೆ ತಕ್ಷಣ ನೀರು ಹಾಕಿ. ಸುಂಟಿಕೊಪ್ಪದೋರೇ, ನಿಮ್ಮ ಗಾಡಿ ತೋಟದಲ್ಲಿ ನಿಲ್ಲತ್ತಾ?

ಕುಶಾಲನಗರ ಹುಡುಗ
ಬೋರ್‌ವೆಲ್ ನೀರಲ್ಲಿ ತೊಳೆದು ಹಾಗೇ ಬಿಸಿಲಿಗೆ ಬಿಟ್ರೂ ಇಂಥದ್ದೇ ಬಿಳಿ ಉಂಗುರ ಬೀಳತ್ತೆ, ನಮ್ಮನೇಲಿ ಇದೇ ಗೋಳು. ಅದಕ್ಕೂ ವಿನಿಗರ್ ಆಗತ್ತಾ?

ಅಮ್ಮತ್ತಿ ತೋಟ
ಹೊಸದಾಗಿದ್ರೆ ಆಗತ್ತೆ. ವರ್ಷಗಟ್ಟಲೆ ಕೂತಿದ್ರೆ ಗಾಜಿನ ಮೈಯನ್ನೇ ತಿಂದಿರತ್ತೆ, ಆಗ ಇಲ್ಲ.

ಪಾಲಿಬೆಟ್ಟ
ವಿನಿಗರ್ ಯಾಕೆ, ಮನೇಲಿ ಕಾಚಂಪುಳಿ ಇಲ್ವಾ? ಅದಕ್ಕಿಂತ ಹುಳಿ ಬೇಕಾ?

ನಾಪೋಕ್ಲು ಟೀಚರ್
ಅಯ್ಯೋ ಬೇಡ. ಹಣ್ಣು ಆಯ್ದು, ರಸ ಇಳಿಸಿ, ಗಂಟೆಗಟ್ಟಲೆ ಒಲೆ ಮುಂದೆ ಕೂತು ಕುದಿಸಿ ಮಾಡೋದು ಅದು. ಒಂದು ಬಾಟ್ಲಿ ಒಳ್ಳೆ ಕಾಚಂಪುಳಿ ಈಗ ಎಷ್ಟಕ್ಕೆ ಮಾರ್ತಾರೆ ಗೊತ್ತಲ್ಲ. ಮೇಲಾಗಿ ಕಪ್ಪಗೆ ಅಂಟಂಟಾಗಿರತ್ತೆ, ಗಾಜಿಗೆ ಹಚ್ಚಿದ್ರೆ ಇನ್ನೊಂದು ಕೊಳೆ. ಅದು ಪಂದಿಕರಿಗೇ ಇರ್ಲಿ.

ಹಳೇ ಜೀಪು
ಹಿಂದೆ ನಮ್ಮ ಕಡೆ ಲಾರಿ ಡ್ರೈವರ್‌ಗಳು ಮಳೇಲಿ ವೈಪರ್ ಕೆಟ್ರೆ ಹೊಗೆಸೊಪ್ಪು ಒದ್ದೆ ಮಾಡಿ ಗಾಜಿಗೆ ಉಜ್ತಿದ್ರು, ಕೆಲವ್ರು ಆಲೂಗಡ್ಡೆ ಕತ್ತರಿಸಿ ಉಜ್ತಿದ್ರು. ನೀರು ಹನಿಹನಿ ನಿಲ್ದೆ ಹಾಳೆ ಹಾಗೆ ಇಳಿದು ಹೋಗತ್ತೆ. ಕೆಲಸ ಮಾಡತ್ತೆ, ಸ್ವಲ್ಪ ಹೊತ್ತು.

ಕೆಎ 12
ಈಗ ಅದಕ್ಕೆ ವಾಟರ್ ರಿಪೆಲೆಂಟ್ ಕೋಟಿಂಗ್ ಬಂದಿದೆ. ಹೈವೇಲಿ 70–80ರಲ್ಲಿ ಹೋಗೋರಿಗೆ ತುಂಬಾ ಚೆಂದ, ಗಾಳಿಗೆ ಹನಿ ತಾನೇ ಓಡಿಹೋಗತ್ತೆ. ನಮ್ಮ ಮಡಿಕೇರಿ ತಿರುವುಗಳಲ್ಲಿ 30–40ರಲ್ಲಿ ಹೋಗ್ತೀವಿ, ಗಾಳಿ ಸಾಲಲ್ಲ, ಹನಿಗಳು ಅಲ್ಲೇ ಕೂತು ಎದುರು ಲೈಟಿಗೆ ಮಿಂಚ್ತವೆ. ನನ್ಗೇನೋ ಕೊಡಗಿಗೆ ಅದು ಅಷ್ಟು ಉಪಯೋಗ ಅನ್ಸಿಲ್ಲ. ಸವೆದ ಗಾಜಿಗಂತೂ ಖಂಡಿತ ಪರಿಹಾರ ಅಲ್ಲ.

ಸುಂಟಿಕೊಪ್ಪ ಸ್ವಿಫ್ಟ್
ಎಲ್ರಿಗೂ ಥ್ಯಾಂಕ್ಸ್. ನೀರು ಬಿಟ್ಟು ನೋಡ್ದೆ. ಮುಕ್ಕಾಲು ಭಾಗ ಮಬ್ಬು ನೀರು ಬಿಟ್ಟಾಗ ಹೋಗತ್ತೆ, ನೀರು ನಿಲ್ಸಿ ಒಣಗ್ತಿದ್ದ ಹಾಗೆ ವಾಪಸ್ ಬರತ್ತೆ. ಒಳಗೆ ಒರೆಸಿದ್ರೆ ಬಟ್ಟೆ ಹಳದಿಯಾಯ್ತು, ಅಲ್ಲೂ ಸ್ವಲ್ಪ ಸುಧಾರಿಸಿದೆ. ಆದ್ರೆ ಡ್ರೈವರ್ ಕಡೆ ಕೆಳಗಿನ ಮೂಲೇಲಿ ಎರಡು ಬೆರಳಗಲ ಹಾಲು ಬಣ್ಣ ಹಾಗೇ ಇದೆ, ಅದು ಏನು ಮಾಡಿದ್ರೂ ಹೋಗಲ್ಲ. ಅರ್ಧಚಂದ್ರದ ಗೀರಲ್ಲಿ ಎರಡಕ್ಕೆ ಉಗುರು ಸಿಕ್ಕಾಕೊಳ್ಳತ್ತೆ. ಗಾಡಿ ತೋಟದಲ್ಲಿ ನಿಲ್ಲಲ್ಲ, ಮನೆ ಮುಂದೆ ಸಿಲ್ವರ್ ಓಕ್ ಕೆಳಗೆ.

ಗಾಜು ಕೆಲಸ ಮೈಸೂರು
ಹಾಗಾದ್ರೆ ನನ್ನ ಅಭಿಪ್ರಾಯ ಸ್ಪಷ್ಟ, ಬದಲಾಯಿಸಿ. ಯಾಕೆ ಅಂತ ಹೇಳ್ತೀನಿ.

ಸೀರಿಯಂ ಪಾಲಿಶ್ ಸುಳ್ಳಲ್ಲ, ಶನಿವಾರಸಂತೆಯೋರು ಹೇಳಿದ್ದು ನಿಜ. ಉಗುರಿಗೆ ಸಿಗದ ಕೂದಲೆಳೆ ಗೀರು, ಅದೂ ಸಣ್ಣ ಜಾಗದಲ್ಲಿದ್ರೆ ತೆಗೀಬಹುದು. ಮಷೀನು ನಿಧಾನ ತಿರುಗ್ಬೇಕು, ಪ್ಯಾಡು ಯಾವಾಗ್ಲೂ ಒದ್ದೆ ಇರ್ಬೇಕು, ಆಗಾಗ ಕೈಯಿಟ್ಟು ಗಾಜು ಬಿಸಿ ಆಯ್ತಾ ನೋಡ್ಬೇಕು. ಬಿಸಿ ಆದ್ರೆ ಟಕ್ ಅಂತ ಬಿರುಕು ಬಿಡತ್ತೆ. ಒಂದು ಅಂಗೈಯಷ್ಟು ಜಾಗಕ್ಕೇ ತುಂಬಾ ಹೊತ್ತು ಹಿಡಿಯತ್ತೆ.

ಉಗುರು ಸಿಕ್ಕಾಕೊಳ್ಳೋ ಗೀರು ಹಾಗಲ್ಲ. ಅದನ್ನ ತೆಗೀಬೇಕು ಅಂದ್ರೆ ಸುತ್ತಲಿನ ಗಾಜನ್ನೂ ಅಷ್ಟೇ ಆಳಕ್ಕೆ ಸವೆಸ್ಬೇಕು, ಹೊರಗಿನ ಪದರ ಇರೋದೇ 2 ಮಿ.ಮೀ. ಆಸುಪಾಸು. ಅಲ್ಲಿ ತಗ್ಗಾಗತ್ತೆ, ಸೋಡಾ ಬಾಟ್ಲಿ ತಳದಿಂದ ನೋಡಿದ ಹಾಗೆ ರಸ್ತೆ ಬಾಗಿ ಕಾಣತ್ತೆ. ಗೀರು ಹೋಯ್ತು ಅಂತ ಗಿರಾಕಿ ಖುಷಿಯಾಗಿ ಹೋಗ್ತಾರೆ, ರಾತ್ರಿ ಎದುರು ಲೈಟ್ ಅಲ್ಲಾಡೋಕೆ ಶುರುವಾದಾಗ ತಲೆನೋವು ಅಂತ ವಾಪಸ್ ಬರ್ತಾರೆ. ಡ್ರೈವರ್ ಕಣ್ಣಿನ ನೇರಕ್ಕೆ ಇರೋ ಜಾಗದಲ್ಲಿ ಆಳದ ಗೀರು ಪಾಲಿಶ್ ಮಾಡೋಕೆ ನಾನು ಒಪ್ಪಲ್ಲ, ದುಡ್ಡು ಕೊಟ್ರೂ ಇಲ್ಲ.

ನಿಮ್ಮ ಮೂಲೆಯ ಹಾಲು ಬಣ್ಣ ಹಾಳೆ ಬಿಡ್ತಿರೋದು. ಅದು ಪ್ರತಿ ಮಳೆಗಾಲಕ್ಕೂ ಮುಂದಕ್ಕೆ ಬರತ್ತೆ.

ಶನಿವಾರಸಂತೆ ರೈತ
ಸರಿ, ಹಾಳೆ ಬಿಟ್ಟಿದ್ರೆ ಒಪ್ಪಿದೆ. ಆದ್ರೂ ಎಲ್ರೂ ಸುಮ್ಮನೆ ಬದಲಾಯಿಸಿ ಬದಲಾಯಿಸಿ ಅನ್ಬಾರ್ದು, ಗೀರು ಸಣ್ಣದಿದ್ದೋರು ಇದನ್ನ ಓದಿ ಹೆದರ್ಕೋತಾರೆ. ನಮ್ಮ ಅಣ್ಣಂದು ಪಾಲಿಶಲ್ಲೇ ಸರಿ ಹೋಯ್ತು.

ಕೆಎ 12
ಇನ್ಶೂರೆನ್ಸಲ್ಲಿ ಮಾಡ್ಸಿ. ಒಂದು ಸಣ್ಣ ಕಲ್ಲು ತಗೊಂಡು ಟಕ್ ಅಂತ ಹೊಡೀರಿ, ಲಾರಿಯಿಂದ ಸಿಡೀತು ಅಂತ ಹೇಳಿ. ಗಾಜಿಗೆ ಡಿಪ್ರಿಸಿಯೇಷನ್ ಕಟ್ ಮಾಡಲ್ಲ, ಪೂರ್ತಿ ಕೊಡ್ತಾರೆ.

ನಾಪೋಕ್ಲು ಟೀಚರ್
ಇದು ತಪ್ಪು, ಇಲ್ಲಿ ಹೇಳೋ ಮಾತೇ ಅಲ್ಲ. ಸುಳ್ಳು ಕ್ಲೈಮ್ ಮೋಸ. ಹೀಗೆ ಮಾಡೋರಿಂದಾನೇ ನಿಜವಾಗ್ಲೂ ಕಲ್ಲು ಬಿದ್ದೋರು ನೂರು ಪ್ರಶ್ನೆಗೆ ಉತ್ತರ ಕೊಡ್ಬೇಕಾಗಿರೋದು.

ಪಾಲಿಬೆಟ್ಟ
ಟೀಚರ್ ಹೇಳಿದ್ದು ಸರಿ. ಲೆಕ್ಕ ಹಾಕಿದ್ರೂ ಅರ್ಥ ಇಲ್ಲ. ಗಾಜಿಗೆ ಡಿಪ್ರಿಸಿಯೇಷನ್ ಇಲ್ಲ ಅನ್ನೋದು ನಿಜ, ಆದ್ರೆ 1500 ಸಿಸಿವರೆಗಿನ ಕಾರಿಗೆ ಮೊದಲ 1000 ರೂಪಾಯಿ ನಮ್ಮ ಕೈಯಿಂದ, ಅದಕ್ಕಿಂತ ದೊಡ್ಡ ಇಂಜಿನ್ನಿಗೆ 2000. ಎನ್‌ಸಿಬಿ ಉಳಿಸೋ ಆಡ್ ಆನ್ ಇಲ್ದಿದ್ರೆ ಮುಂದಿನ ವರ್ಷದ ನೋ ಕ್ಲೈಮ್ ಬೋನಸ್ಸೂ ಹೋಗತ್ತೆ. ಸವೆದು ಮಬ್ಬಾಗಿದ್ದಕ್ಕೆ ಕ್ಲೈಮೇ ಇಲ್ಲ. ಇಷ್ಟು ಹಳೇ ಗಾಡಿಗೆ ಬಹಳ ಜನ ಬರೀ ಥರ್ಡ್ ಪಾರ್ಟಿ ಮಾಡ್ಸಿರ್ತಾರೆ, ಅದ್ರಲ್ಲಿ ನಮ್ಮ ಗಾಜಿಗೆ ಒಂದು ಪೈಸೆನೂ ಬರಲ್ಲ.

ದುಡ್ಡಿನ ಮಾತು ಬಿಡಿ, ನಾನು ಬೇರೆ ಹೇಳೋಕೆ ಬಂದೆ. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ರಸ್ತೇಲಿ ರಾತ್ರಿ ಓಡಿಸೋರಿಗೆ ಗೊತ್ತು, ತೋಟದ ಬೇಲಿ ದಾಟಿ ಆನೆ ರಸ್ತೆಗೆ ಬಂದು ನಿಂತಿರತ್ತೆ. ಕತ್ತಲೆ ಬಣ್ಣ, ಟಾರಿನ ಬಣ್ಣ, ಆನೆ ಬಣ್ಣ ಎಲ್ಲ ಒಂದೇ. ಚೆನ್ನಾಗಿರೋ ಗಾಜಲ್ಲೇ ತಿರುವಲ್ಲಿ ಆನೆ ಕಾಲು ಕಾಣೋದು ತಡ. ಎದುರಿಂದ ಒಂದು ಬೈಕ್ ಲೈಟ್ ಬಂತು ಅಂದ್ಕೊಳ್ಳಿ, ನಿಮ್ಮ ಗಾಜು ಬೆಳ್ಳಗಾಗತ್ತೆ, ಆ ಬೆಳಕಿನ ಹಿಂದೆ ಏನಿದೆ ಅಂತ ನಿಮ್ಗೆ ಗೊತ್ತಾಗಲ್ಲ. ಆನೆನೇ ಆಗ್ಬೇಕು ಅಂತಿಲ್ಲ, ಕೆಲಸ ಮುಗಿಸಿ ರಸ್ತೆ ಅಂಚಲ್ಲಿ ನಡ್ಕೊಂಡು ಹೋಗೋ ತೋಟದೋರು ಇರ್ತಾರೆ, ಮಕ್ಕಳನ್ನ ಎತ್ಕೊಂಡಿರ್ತಾರೆ. ಟೈರಿಗೆ, ಬ್ರೇಕಿಗೆ ಖರ್ಚು ಮಾಡೋವಾಗ ನಾವು ಯೋಚ್ನೆ ಮಾಡಲ್ಲ, ಗಾಜಿಗೆ ಮಾತ್ರ ಯಾಕೆ ಇಷ್ಟು ಹಿಂದೆಮುಂದೆ ನೋಡ್ತೀವಿ ಅಂತ ನನ್ಗೆ ಅರ್ಥ ಆಗಲ್ಲ.

ಘಾಟಿ ಡ್ರೈವರ್ ಸುಳ್ಯ
ನೂರಕ್ಕೆ ನೂರು ಸತ್ಯ.

ಕೆಎ 12
ಸರಿ, ಕಲ್ಲಿನ ಮಾತು ವಾಪಸ್ ತಗೊಂಡೆ.

ಹಳೇ ಜೀಪು
ಮಂಜಿನಲ್ಲಿ ಹೈ ಬೀಮ್ ಹಾಕೋರ ಬಗ್ಗೆನೂ ಯಾರಾದ್ರೂ ಬರೀರಿ. ಮಂಜಿನ ಹನಿಗೆ ಬೆಳಕು ಬಡಿದು ಅವರ ಕಣ್ಣಿಗೇ ವಾಪಸ್ ಬರತ್ತೆ, ಅವ್ರಿಗೂ ಕಾಣಲ್ಲ, ನಮ್ಗೂ ಕಾಣಲ್ಲ. ಶನಿವಾರ ಭಾನುವಾರ ಮಾಂದಲಪಟ್ಟಿ ಕಡೆ ಹೋಗೋಕೇ ಬೇಜಾರು.

ನಾಪೋಕ್ಲು ಟೀಚರ್
ಡಿಮ್ಮಲ್ಲಿ ಇಟ್ಟು, ಎಸಿ ಹಾಕಿ ಗಾಳಿ ಗಾಜಿಗೆ ಬಿಡಿ, ಹೊರಗಿನ ಗಾಳಿ ಒಳಗೆ ಬರೋ ಹಾಗಿರ್ಲಿ. ಎಸಿ ತೇವ ಎಳ್ಕೊಳ್ಳತ್ತೆ, ಒಳಗಿನ ಹಬೆ ಹೋಗತ್ತೆ. ಚಳಿ ಅಂತ ಎಸಿ ಆಫ್ ಮಾಡಿ ಕೈಯಲ್ಲಿ ಒರೆಸ್ತಾರೆ, ಆ ಕೈ ಜಿಡ್ಡೇ ಆಮೇಲೆ ಮಬ್ಬು.

ಸುಂಟಿಕೊಪ್ಪ ಸ್ವಿಫ್ಟ್
ಬದಲಾಯಿಸೋದೇ ಅಂತ ತೀರ್ಮಾನ ಆಯ್ತು. ಈಗ ಭಯ ಏನಂದ್ರೆ ಇಲ್ಲಿ ಆಗ್ಲೇ ದಿನಾ ಸಂಜೆ ಮಳೆ. ಮಳೆ ದಿನಗಳಲ್ಲಿ ಗಾಜಿನ ಗಮ್ ಒಣಗಲ್ಲ, ಬೇಸಿಗೆವರೆಗೂ ಕಾಯಿರಿ ಅಂತ ಒಬ್ರು ಹೇಳ್ತಿದಾರೆ, ನಿಜಾನಾ?

ಗಾಜು ಕೆಲಸ ಮೈಸೂರು
ತಪ್ಪು ತಿಳುವಳಿಕೆ ಅದು. ನಿಮ್ಮ ಗಾಡಿ ಗಾಜು ಕೂರಿಸೋದು ಪಾಲಿಯುರೆಥೇನ್ ಅಂಟಲ್ಲಿ. ಅದು ಗಾಳಿಯಲ್ಲಿರೋ ತೇವವನ್ನೇ ಹೀರ್ಕೊಂಡು ಗಟ್ಟಿಯಾಗೋ ಅಂಟು. ಮಳೆಗಾಲದ ಗಾಳಿಯಿಂದ ಅದಕ್ಕೆ ತೊಂದ್ರೆ ಇಲ್ಲ. ತೊಂದ್ರೆ ಇರೋದು ಎರಡು ಕಡೆ. ಅಂಟು ಹಾಕೋ ಜಾಗ ಒದ್ದೆ ಇರ್ಬಾರ್ದು, ಅದಕ್ಕೆ ರಸ್ತೆ ಬದೀಲಿ ಮಾಡಿಸ್ಬೇಡಿ, ಶೆಡ್ಡಿನೊಳಗೆ ಮಾಡಿಸಿ. ಇನ್ನೊಂದು ಚಳಿ, ಮಡಿಕೇರಿ ಚಳಿಗೆ ಗಟ್ಟಿಯಾಗೋದು ನಿಧಾನ. ಎಷ್ಟು ಹೊತ್ತಿನ ಮೇಲೆ ಓಡಿಸ್ಬಹುದು ಅನ್ನೋದು ಅಂಟಿನ ಟ್ಯೂಬಿನ ಮೇಲೇ ಬರೆದಿರತ್ತೆ, ಅದನ್ನ ಕೇಳಿ ಓದಿ. ಹಾಕಿಸಿದ ದಿನ ಬಾಗಿಲು ಧಡ್ ಅಂತ ಹಾಕ್ಬೇಡಿ, ಕಿಟಕಿ ಒಂದಿಂಚು ಇಳಿಸಿಡಿ, ಎರಡು ದಿನ ಪ್ರೆಷರ್ ವಾಷ್ ಬೇಡ.

ಮುಖ್ಯವಾದ್ದು, ಹಳೇ ಗಾಜು ತೆಗೆದಾಗ ನೀವು ಅಲ್ಲೇ ನಿಂತಿರಿ. ಫ್ರೇಮಲ್ಲಿ ತುಕ್ಕು ಇರತ್ತೆ, ಕೊಡಗಿನ ಗಾಡಿಗಳಲ್ಲಿ ಇಲ್ದೆ ಇರೋದೇ ಅಪರೂಪ. ಅದನ್ನ ಕೆರೆದು ಪ್ರೈಮರ್ ಹಚ್ಚದೆ ಹಾಗೇ ಅಂಟು ಹಾಕಿದ್ರೆ ಅಂಟು ಹಿಡಿಯೋದು ತುಕ್ಕನ್ನ, ಫ್ರೇಮನ್ನಲ್ಲ. ಮುಂದಿನ ಜೂನಲ್ಲಿ ಕಾಲಡಿ ಮ್ಯಾಟ್ ಒದ್ದೆ. ಬರೀ ನೀರಿನ ವಿಷಯ ಅಲ್ಲ ಇದು. ಗಾಡಿ ಪಲ್ಟಿಯಾದ್ರೆ ರೂಫ್ ತಡೆಯೋಕೆ ಈ ಗಾಜೂ ಬೇಕು, ತುಂಬಾ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಬಿಚ್ಕೊಳ್ಳೋದು ಗಾಜಿಗೆ ಒರಗಿಕೊಂಡೇ.

ಗಾಜು ಎಐಎಸ್, ಸೇಂಟ್ ಗೋಬೇನ್ ಇಂಥ ಯಾವುದಾದ್ರೂ ಸರಿ, ಮೂಲೇಲಿ ಐಎಸ್‌ಐ ಗುರುತು ಮತ್ತೆ ಲ್ಯಾಮಿನೇಟೆಡ್ (ಮೊದ್ಲು ಹೇಳಿದ್ನಲ್ಲ, ನಡುವೆ ಹಾಳೆ ಇರೋ ಗಾಜು) ಅಂತ ಇರೋದನ್ನ ನೋಡ್ಕೊಂಡೇ ಹಾಕಿಸಿ. ಬಣ್ಣದ ಗಾಜು ಚೆನ್ನಾಗಿರತ್ತೆ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ, ಮುಂದಿನ ಗಾಜಿಂದ ಕನಿಷ್ಠ 70% ಬೆಳಕು ದಾಟ್ಬೇಕು ಅಂತ ನಿಯಮ ಇದೆ, ಆರ್‌ಸಿ ರಿನ್ಯೂವಲ್ಲಿಗೆ ಗಾಡಿ ತೋರಿಸೋವಾಗ ಸುಮ್ನೆ ತಕರಾರು.

ಸುಂಟಿಕೊಪ್ಪ ಸ್ವಿಫ್ಟ್
ತುಂಬಾ ಉಪಕಾರ ಆಯ್ತು ಸಾರ್. ತುಕ್ಕಿನ ವಿಷಯ ಯಾರೂ ಹೇಳಿರ್ಲಿಲ್ಲ.

ಅಮ್ಮತ್ತಿ ತೋಟ
ಸಿಲ್ವರ್ ಓಕ್ ಕೆಳಗೆ ನಿಲ್ಸೋದಾದ್ರೆ ವೈಪರ್ ಕೆಳಗಿನ ಜಾಲರೀಲಿ ಎಲೆ ತುಂಬಿರತ್ತೆ ನೋಡಿ, ತೆಗೆಸಿ. ಎಲೆ ಕೊಳೆತು ನೀರು ಹೋಗೋ ದಾರಿ ಕಟ್ಟಿದ್ರೆ ಗಾಜಿನ ಕೆಳ ಅಂಚು ದಿನವಿಡೀ ಒದ್ದೆ ಇರತ್ತೆ. ನಿಮ್ಮ ಮೂಲೆ ಬೆಳ್ಳಗಾಗಿರೋದಕ್ಕೆ ಅದೇ ಕಾರಣ ಇರ್ಬಹುದು.

ಹಳೇ ಜೀಪು
ಗಾಜಿನ ಸಾರ್, ನಮ್ದೊಂದು ಪ್ರಶ್ನೆ. ಹಳೇ ಮಹೀಂದ್ರ ಜೀಪು, ಮುಂದಿನ ಗಾಜು ಎರಡು ತುಂಡಿಂದು, ಚಪ್ಪಟೆ, ರಬ್ಬರ್ ಬೀಡಿಂಗಲ್ಲಿ ಕೂತಿರೋದು. ಒಂದು ಪೂರ್ತಿ ಮಬ್ಬು. ರೆಡಿ ಗಾಜು ಎಲ್ಲೂ ಸಿಗ್ತಿಲ್ಲ, ಇಲ್ಲಿ ಒಂದು ಅಂಗಡೀಲಿ ಟಫನ್ ಗಾಜು (ಕಾಯಿಸಿ ಗಟ್ಟಿ ಮಾಡಿದ ಒಂದೇ ಪದರದ್ದು) ಹಾಕಿಕೊಡ್ತೀನಿ ಅಂತಾರೆ, ಹಾಕಿಸ್ಲಾ?

ಗಾಜು ಕೆಲಸ ಮೈಸೂರು
ಟಫನ್ ಬೇಡ. ಕಲ್ಲು ಬಿದ್ರೆ ಒಂದೇ ಸಲಕ್ಕೆ ಪೂರ್ತಿ ಪುಡಿಯಾಗಿ ಎದುರಿಗೆ ಏನೂ ಕಾಣದ ಹಾಗಾಗತ್ತೆ. ಚಪ್ಪಟೆ ಗಾಜು ಆಗಿರೋದ್ರಿಂದ ನಿಮ್ಗೆ ಸುಲಭ, ಐಎಸ್‌ಐ ಗುರುತಿರೋ ಲ್ಯಾಮಿನೇಟೆಡ್ ಶೀಟಿಂದ ಅಳತೆಗೆ ಕತ್ತರಿಸಿ ಕೊಡ್ತಾರೆ. ಟಫನ್ ಗಾಜನ್ನ ಆಮೇಲೆ ಕತ್ತರಿಸೋಕೇ ಬರಲ್ಲ.

ಹಳೇ ಜೀಪು
ಬೀಡಿಂಗ್ ಹಳೇದೇ ಆಗತ್ತಾ?

ಗಾಜು ಕೆಲಸ ಮೈಸೂರು
ಬಗ್ಗಿಸಿ ನೋಡಿ, ಬಿರುಕು ಕಂಡ್ರೆ ಹೊಸದು ತಗೊಳ್ಳಿ. ಗಟ್ಟಿಯಾಗಿರೋ ಬೀಡಿಂಗಲ್ಲಿ ಗಾಜು ಕೂರಿಸೋಕೆ ಹೋದ್ರೆ ಮೂಲೇಲಿ ಸೀಳತ್ತೆ. ಬೀಡಿಂಗಿನ ಗಾಡಿಗೆ ಹಗ್ಗದ ಕೆಲಸ, ರಬ್ಬರಿನ ತುಟಿಯಂಥ ಅಂಚಿನೊಳಗೆ ಹಗ್ಗ ಸುತ್ತಿ ಸೋಪ್ ನೀರು ಹಚ್ಚಿ ಒಳಗಿಂದ ಒಬ್ರು ಹಗ್ಗ ಎಳೀತಾ ಹೊರಗಿಂದ ಒಬ್ರು ಅಂಗೈಲಿ ಒತ್ತಬೇಕು. ಇಬ್ರು ಬೇಕೇ ಬೇಕು. ಬರೋವಾಗ ಹಳೇ ಗಾಜು ಒಡೆದಿದ್ರೂ ಪರ್ವಾಗಿಲ್ಲ, ಅದನ್ನ ರಟ್ಟಿನ ಮೇಲಿಟ್ಟು ಗೆರೆ ಎಳೆದು ತನ್ನಿ, ಎಡದ್ದು ಬಲದ್ದು ಅಂತ ಬರೆದಿರ್ಲಿ.